ಈಚೆ ದಾಸವಾಳ, ಆಚೆ ಹಿಪ್ಪುನೇರಳೆ

೬-೨-೨೦೦೮, ಬುಧವಾರ. ಬೆಳಿಗ್ಗೆ ಆರೂವರೆ

ಇವತ್ತು ಅರಳಿದ್ದು ಹನ್ನೊಂದು. ಸಾತನೂರು ಹೋಟೆಲಿನ ಕೇಸರಿ ಎರಡು. ಹಾರೋಹಳ್ಳಿ ಪೊಲೀಸ್ ಸ್ಟೇಷನ್ನಿನ ಬಿಳಿ ಒಂದು, ಅಂಚು ಸುಟ್ಟಿದೆ. ಮಾಗಡಿ ಡಾಕ್ಟರಮ್ಮನ ಮನೆಯ ಗುಲಾಬಿ ಬಣ್ಣದ ಸುತ್ತುದಾಸವಾಳ ನಾಲ್ಕು. ಮಿಕ್ಕವು ಮಾಮೂಲಿ ಕೆಂಪು. ತಾಜ್ ಪಾಷಾ ಕೊಟ್ಟ ಹಳದಿ ಇನ್ನೂ ಮೊಗ್ಗು, ಹೆಬ್ಬೆರಳಿನ ಗಾತ್ರ. ನಾಳೆ ಇಲ್ಲ ನಾಡಿದ್ದು.

ಇಪ್ಪತ್ತೆರಡು ವರ್ಷ, ವರ್ಗವಾದ ಊರಲ್ಲೆಲ್ಲ ಟಪಾಲು ಹಂಚಿದ ಸೈಕಲ್ಲಿನ ಸಂಪಾದನೆ ಇದು. ಕಾಗದ ಕೊಡುವುದು, ಕಡ್ಡಿ ಕೇಳುವುದು. ಒದ್ದೆ ಬಟ್ಟೆ ಸುತ್ತಿ, ರಿಜಿಸ್ಟರ್ಡ್ ಕಾಗದಗಳ ಪಕ್ಕದಲ್ಲಿಟ್ಟು ಮನೆಗೆ ತರುವುದು. ನಲವತ್ತೊಂದು ಜಾತಿ. ಯಾವ ಮನೆಯಿಂದ ಬಂತೋ ಆ ಮನೆಯದೇ ಹೆಸರು. ಪಾಷಾ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವವನು, ನನಗಿಂತ ದೊಡ್ಡ ಹುಚ್ಚ. ಕಸಿ ಮಾಡಿದ ಈ ಹಳದಿಯನ್ನು ಎರಡು ವರ್ಷ ಕಾಡಿಸಿ ಕೊಟ್ಟ.

ನೀರು ಹಾಕುತ್ತಿದ್ದೆ. ಬೇಲಿಯಾಚೆಯಿಂದ ಸಿದ್ದಮ್ಮ ಕೂಗಿದಳು. ಗಂಡ ತೀರಿಕೊಂಡ ಮೇಲೆ ಅವಳು, ಮಗಳು ರಮ್ಯಾ, ಒಂದು ಎಕರೆ ಹಿಪ್ಪುನೇರಳೆ, ಒಂದು ರೇಷ್ಮೆ ಹುಳದ ಮನೆ. ಅಷ್ಟೇ ಅವಳ ಸಂಸಾರ.

“ವೆಂಕಟಣ್ಣೋ, ಒಸಿ ಬಾ ಇಲ್ಲಿ. ಇದ್ ನೋಡು.”

ಕೈಯಲ್ಲಿ ಹಿಪ್ಪುನೇರಳೆಯ ಕುಡಿ. ಎಲೆಗಳು ಮುದುರಿ ಮುಷ್ಟಿಯಾಗಿವೆ. ಬಿಡಿಸಿದರೆ ಒಳಗೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಹುಳ.

“ನಿನ್ ದಾಸವಾಳದಿಂದ ಬಂದೈತೆ.”

“ಏನವ್ವ, ನನ್ ಗಿಡ ಎದ್ದು ನಡ್ಕೊಂಡ್ ಬಂತಾ ನಿನ್ ಹೊಲಕ್ಕೆ?”

“ಗಿಡ ಯಾಕ್ ಬತ್ತದೆ. ಇರುವೆ ಹೊತ್ಕೊಂಡ್ ಬತ್ತದೆ. ಬೇಕಾದ್ರೆ ನಿನ್ ಗಿಡದ ಕುಡಿ ನೀನೇ ನೋಡ್ಕೊ.”

ನೋಡಲಿಲ್ಲ. ಅವಳ ಮುಂದೆ ನೋಡುವ ಜಾಯಮಾನ ನನ್ನದಲ್ಲ. ಅವಳು ಹೋದ ಮೇಲೆ ನೋಡಿದೆ.

ಇತ್ತು.

೮-೨-೨೦೦೮, ಶುಕ್ರವಾರ

ಮೈ ಉರಿಯುತ್ತಿದೆ. ಸಿದ್ದಮ್ಮ ಪಂಚಾಯ್ತಿ ಮೆಂಬರ್ ಕೆಂಪರಾಜುವನ್ನು ಕರೆತಂದಿದ್ದಳು. ಮೀಸೆ ಬಂದು ಹತ್ತು ವರ್ಷ ಆಗಿಲ್ಲ, ನನಗೆ ನ್ಯಾಯ ಹೇಳಲು ಬೈಕಿನಲ್ಲಿ ಬಂದ. ಇಳಿಯಲೂ ಇಲ್ಲ, ಒಂದು ಕಾಲು ನೆಲದ ಮೇಲೆ.

“ರೇಷ್ಮೆ ಇಲಾಖೆ ಬುಕ್ಕಲ್ಲೇ ಐತೆ ಮಾವ. ಈ ಹುಳಕ್ಕೆ ದಾಸವಾಳ ಅಂದ್ರೆ ಅತ್ತೆ ಮನೆ ಇದ್ದಂಗೆ. ಅಲ್ಲಿ ಉಂಡು ಇಲ್ಲಿಗೆ ಬತ್ತದೆ.”

“ನಲವತ್ತೊಂದು ಜಾತಿ ಕಣ್ಲಾ. ಒಂದೊಂದೂ ಒಂದೊಂದು ಊರಿಂದು.”

“ಹೂವ ಏನ್ ಹೊಟ್ಟೆಗ್ ತಿಂತೀಯಾ?” ಸಿದ್ದಮ್ಮ ಕೇಳಿದಳು.

ಇದೇ ಸಿದ್ದಮ್ಮ ಶುಕ್ರವಾರ ಬಂದರೆ ಪೂಜೆಗೆ ಅಂತ ನನ್ನ ಕೆಂಪು ದಾಸವಾಳ ಮಡಿಲು ತುಂಬ ಕಿತ್ತುಕೊಂಡು ಹೋಗುತ್ತಿದ್ದವಳು. ಅದನ್ನು ಹೇಳಿದೆ. ಜೋರಾಗಿಯೇ ಹೇಳಿದೆ. ಊರ ಬಾಗಿಲವರೆಗೂ ಕೇಳಿಸಿತಂತೆ. ಕೇಳಿಸಲಿ. ನಮ್ಮಪ್ಪ ನಾಟಕದ ಮೇಷ್ಟ್ರು. ನಾನು ಸೀನರಿ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದವನು. ಮೆಲ್ಲಗೆ ಮಾತಾಡುವುದನ್ನು ಯಾರೂ ಕಲಿಸಲಿಲ್ಲ.

ಕೆಂಪರಾಜು ತೀರ್ಪು ಕೊಟ್ಟ. ಹದಿನೈದು ದಿನ. ಅಷ್ಟರಲ್ಲಿ ಬಿಳಿ ಹುಳ ಹೋಗಬೇಕು. ಇಲ್ಲವೆಂದರೆ ಗಿಡ ಹೋಗಬೇಕು. ಊರಲ್ಲಿ ಅರ್ಧ ಜನ ಹುಳ ಸಾಕುವವರು. ನನ್ನ ಪರ ಒಂದು ನಾಯಿಯೂ ಬಾಲ ಅಲ್ಲಾಡಿಸಲಿಲ್ಲ.

೯-೨-೨೦೦೮, ಶನಿವಾರ

ಹಳದಿ ಅರಳಿತು.

ಊಟದ ತಟ್ಟೆಯಷ್ಟು ಅಗಲ. ಅಂಚಿನಲ್ಲಿ ತೆಳು ಹಳದಿ, ಒಳಕ್ಕೆ ಹೋದಂತೆ ಅರಿಶಿನ, ಆಮೇಲೆ ಕಿತ್ತಳೆ, ನಡುವೆ ರಕ್ತದ ಮಡು. ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಇನ್ನೊಂದು. ಟಪಾಲು ತಡ ಮಾಡಿ ಕೂತು ನೋಡಿದೆ. ಹೆಂಡತಿ ಮುನಿಯಮ್ಮ ಕಾಫಿ ತಂದು ಅವಳೂ ನಿಂತಳು. “ನಾಳೆ ಇರಕಿಲ್ಲ ಅಲ್ವಾ ಇದು” ಅಂದಳು. ಇರುವುದಿಲ್ಲ. ಸಂಜೆಗೆ ಮುದುರಿ ಬೀಳುತ್ತದೆ. ಅದಕ್ಕೇ ನೋಡಬೇಕು.

ಇದನ್ನು ಕಡಿಯಬೇಕಂತೆ.

೧೪-೨-೨೦೦೮, ಗುರುವಾರ

ಸೋಪಿನ ನೀರು, ಹಳೇ ಬನಿಯನ್ನು. ಬೆಳಗಿನ ಜಾವ ಎದ್ದು ಒಂದೊಂದೇ ಕುಡಿ ಒರೆಸುವುದು. ಎಂಟು ಗಂಟೆಯಾದರೂ ಹತ್ತು ಗಿಡ ದಾಟುವುದಿಲ್ಲ. ಹನ್ನೊಂದನೇ ಗಿಡಕ್ಕೆ ಬರುವಷ್ಟರಲ್ಲಿ ಮೊದಲನೆಯದರಲ್ಲಿ ಮತ್ತೆ ಬಿಳಿ. ಬೆನ್ನು ಬಿದ್ದುಹೋಗಿದೆ.

ಬೇಲಿಯಾಚೆ ಸಿದ್ದಮ್ಮ ಸೊಪ್ಪು ಕೊಯ್ಯುತ್ತ, “ಇನ್ನೊಂಬತ್ ದಿನ ಕಣಣ್ಣ” ಅಂದಳು. ಕೇಳಿದವರು ಯಾರು.

೨೦-೨-೨೦೦೮, ಬುಧವಾರ

ಸಿದ್ದಮ್ಮ ತನ್ನ ಕಡೆಗೆ ಬಾಗಿದ್ದ ಕೊಂಬೆಗಳನ್ನೆಲ್ಲ ಸವರಿ ಹಾಕಿದ್ದಾಳೆ. ನಾನು ಟಪಾಲಿಗೆ ಹೋಗಿದ್ದಾಗ. ಹಳದಿಯ ಎರಡು ಕೊಂಬೆ, ಮೂರು ಮೊಗ್ಗು, ಬೇಲಿಯ ಬುಡದಲ್ಲಿ ಬಾಡಿ ಬಿದ್ದಿದ್ದವು.

ಕೇಳಿದರೆ, “ನನ್ ಗಡಿಯೊಳಗೆ ಇದ್ದಿದ್ದು. ನಿನ್ ಕಡೆ ಇರೋದನ್ನ ಮುಟ್ಟಿದ್ರೆ ಕೇಳು.”

ನಾನು ಏನೇನು ಅಂದೆನೋ ಇಲ್ಲಿ ಬರೆಯುವುದಿಲ್ಲ. ರಮ್ಯಾ ಕಿವಿ ಮುಚ್ಚಿಕೊಂಡು ಒಳಗೆ ಹೋದಳು. ಮುನಿಯಮ್ಮ ರೆಟ್ಟೆ ಹಿಡಿದು ಎಳೆದುಕೊಂಡು ಬಂದಳು.

ಕನಕಪುರಕ್ಕೆ ಹೋಗಿ ಔಷಧಿ ತಂದೆ.

೨೧-೨-೨೦೦೮, ಗುರುವಾರ

ಬರೆಯಬಾರದು. ಬರೆಯುತ್ತೇನೆ.

ಹುಳ ಸಾಕುವ ಊರಲ್ಲಿ ಸೊಪ್ಪಿನ ಪಕ್ಕ ಔಷಧಿ ಹೊಡೆಯುವುದಿಲ್ಲ. ಇಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಲೆಗೆ ಹನಿ ತಾಕಿದರೂ ಸಾಕು, ತಿಂದ ಹುಳ ಉಳಿಯದು. ಗೊತ್ತು. ಗೊತ್ತಿದ್ದೂ ಲೆಕ್ಕ ಹಾಕಿದೆ. ಐದೂವರೆಗೆ ಗಾಳಿ ಅವಳ ಕಡೆಯಿಂದ ನನ್ನ ಕಡೆಗೆ. ಅವಳಿನ್ನೂ ಎದ್ದಿಲ್ಲ. ಆರೂವರೆಯೊಳಗೆ ಮುಗಿಯುತ್ತದೆ.

ಮುನಿಯಮ್ಮನ ತಮ್ಮನ ಮನೆಯ ಪಂಪು. ಬಾಯಿಗೆ ಟವೆಲ್. ಮೂವತ್ತೆಂಟು ಗಿಡ ಮುಗಿದಿತ್ತು. ಟವೆಲಿನ ತುದಿ ಮುಖದಿಂದ ಎದ್ದು ಬೇಲಿಯ ಕಡೆ ಹಾರಿತು. ಗಾಳಿ ತಿರುಗಿತ್ತು.

ಇನ್ನು ಮೂರು ಗಿಡ ಇದ್ದವು. ಬೇಲಿಯ ಪಕ್ಕದ್ದೇ.

ಮುಗಿಸಿದೆ.

ಪಂಪು ತೊಳೆದು ಬಚ್ಚಲ ಹಿಂದೆ ಕವುಚಿದೆ. ಮುನಿಯಮ್ಮ ನೋಡಿದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಅವಳ ಮೇಲೂ ಕೂಗಾಡುತ್ತಿದ್ದೆ.

೨೪-೨-೨೦೦೮, ಭಾನುವಾರ

ಸಿದ್ದಮ್ಮನ ಹುಳ ಸತ್ತವು.

ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದು ಐದು ದಿನವಾಗಿತ್ತು. ಇನ್ನೆರಡು ದಿನ ತಿಂದಿದ್ದರೆ ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಊರವರೆಲ್ಲ ಹೋಗಿ ನಿಂತರು. ನಾನೂ ಹೋದೆ. ಹೋಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ. ತಟ್ಟೆ ತಟ್ಟೆಯಲ್ಲೂ ಹಸಿರು ನೀರು ಕಾರಿಕೊಂಡು, ಮೈ ಸುರುಟಿಕೊಂಡು ಬಿದ್ದಿವೆ. ಕೆಲವು ಇನ್ನೂ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು.

ಸಿದ್ದಮ್ಮ ಬಾಗಿಲಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ನೋಡಿ, “ತಿನ್ನೋ ಸದ್ದು ನಿಂತೋಯ್ತು ವೆಂಕಟಣ್ಣ. ಸದ್ದಿಲ್ದೆ ಎಚ್ಚರಾಯ್ತು” ಅಂದಳು.

ಆ ಸದ್ದು ನನಗೂ ಕೇಳಿಸುತ್ತಿತ್ತು, ಇಷ್ಟು ವರ್ಷ. ಎಲೆಗಳ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಇವತ್ತು ಮನೆಯ ಹಿಂದೆ ಏನೂ ಇಲ್ಲ.

ಇಲ್ಲಿ ಗಿಡಗಳು ಥಳಥಳ. ಒಂದು ಬಿಳಿ ಚುಕ್ಕೆ ಇಲ್ಲ. ಥೂ.

೨೫-೨-೨೦೦೮, ಸೋಮವಾರ

ರೇಷ್ಮೆ ಇನ್ಸ್‌ಪೆಕ್ಟರ್ ಬಂದಿದ್ದರು. ಹುಳ ಅಂಗೈಯಲ್ಲಿಟ್ಟು ನೋಡಿ, “ಇದು ರೋಗ ಅಲ್ಲ. ಔಷಧಿ ವಿಷ. ಅಕ್ಕಪಕ್ಕ ಯಾರಾದರೂ ಹೊಡೆದಿರಾ?” ಎಂದು ಕೇಳಿದರು.

ನಾನು ಮೂರು ಮಾರು ದೂರದಲ್ಲಿದ್ದೆ. ಅಷ್ಟರಲ್ಲಿ ಕೆಂಪರಾಜು ಹಾರೋಹಳ್ಳಿ ಕಡೆಗೆ ಕೈ ಚಾಚಿದ.

“ಅಕ್ಕಪಕ್ಕ ಯಾಕ್ ಹುಡುಕ್ತೀರಾ ಸಾ. ಆ ಬಣ್ಣ ಮಾಡೋ ಕಂಪನಿ ಚಿಮಣಿ ಕಾಣಾಕಿಲ್ವಾ? ಅದ್ರ ಹೊಗೆ ಕುಡುದ್ರೆ ನಮಗೇ ಕೆಮ್ಮು ಬತ್ತದೆ, ಹುಳ ಎಷ್ಟರದ್ದು.”

“ಹೊಗೆಯಿಂದ ಹೀಗೆ ಆಗುವುದು ನಾನು ನೋಡಿಲ್ಲ.”

“ನೀವ್ ನೋಡಿಲ್ಲ. ನಾವ್ ದಿನಾ ನೋಡ್ತಾ ಇದೀವಿ.”

ಜನ ಹೌದೌದು ಅಂದರು. ಇನ್ಸ್‌ಪೆಕ್ಟರ್ ಏನೋ ಬರೆದುಕೊಂಡು ಹೋದರು. ಬಿಳಿ ಹುಳವೂ ಹದಿನೈದು ದಿನದ ಗಡುವೂ ಯಾರಿಗೂ ನೆನಪಿಲ್ಲ. ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಅಂತ ಮನೆಗೆ ಬಂದು ಯೋಚಿಸಿದೆ. ಇಷ್ಟು ಜನ ನಿಂತಿದ್ದರಲ್ಲ, ಒಬ್ಬನಾದರೂ ತಿರುಗಿ ನನ್ನ ಗಿಡ ನೋಡಬಾರದಿತ್ತೇ? ಒಬ್ಬನಾದರೂ ನನ್ನ ಕೊರಳಪಟ್ಟಿ ಹಿಡಿಯಬಾರದಿತ್ತೇ?

೨೮-೨-೨೦೦೮, ಗುರುವಾರ

ಕೆಂಪರಾಜು ಬಂದಿದ್ದ. ಈ ಸಲ ಬೈಕಿನಿಂದ ಇಳಿದ.

“ಸೋಮ್ವಾರ ಕಂಪನಿ ಗೇಟಿಗೆ ಹೋಗ್ತೀವಿ ಮಾವ. ನಿನ್ ಗಂಟ್ಲು ಬೇಕು. ನೀನ್ ಮಾತಾಡಿದ್ರೆ ಆ ಮ್ಯಾನೇಜರ್ರು ಗಾಜಿನ ರೂಮಿಂದ ಎದ್ ಬರಬೇಕು.”

“ನಾನ್ ಬರಕಿಲ್ಲ.”

“ಯಾಕೆ, ಸಿದ್ದಮ್ಮನ ಮೇಲೆ ಇನ್ನೂ ಮುನಿಸಾ? ಹೂವಿನ ಜಗಳ ಹೂವಿನಷ್ಟೊತ್ತು ಇರ್ಬೇಕು ಮಾವ.”

ಹೇಳಿ ನಕ್ಕ. ಮುನಿಯಮ್ಮ ಕಾಫಿ ಲೋಟ ಅವನ ಮುಂದೆ ಕುಕ್ಕಿ ಒಳಗೆ ಹೋದಳು. ಅವನು ಹೋದ ಮೇಲೆ ನನ್ನ ಮುಖ ನೋಡದೆ ಅಂದಳು, “ಗೇಟ್ ಮುಂದೆ ಕೂಗೋಕ್ ಮುಂಚೆ ಬೇಲಿ ಮುಂದೆ ಹೋಗಿ ಒಂದ್ ಮಾತಾಡ್ ಬಾ.”

೧-೩-೨೦೦೮, ಶನಿವಾರ

ಹೋದೆ. ಮಚ್ಚು ಕೈಯಲ್ಲೇ ಇತ್ತು. ತಪ್ಪು ಒಪ್ಪಿಕೊಂಡು, ಬಂದು ನಲವತ್ತೊಂದನ್ನೂ ಕಡಿಯುವುದು ಅಂತ.

ಸಿದ್ದಮ್ಮ ಹುಳದ ಮನೆಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುತ್ತಿದ್ದಳು. ಬಾಗಿಲ ಹೊರಗೇ ನಿಂತು ಹೇಳಿದೆ. ಔಷಧಿ ತಂದದ್ದು, ಹೊಡೆದದ್ದು, ಗಾಳಿ ತಿರುಗಿದ್ದು, ತಿರುಗಿದ ಮೇಲೂ ಮುಗಿಸಿದ್ದು. ನನ್ನ ದನಿ ನನಗೇ ಕೇಳಿಸಲಿಲ್ಲ.

ಪೊರಕೆ ನಿಂತಿತು.

“ಯಾರ್ಗಾರ ಹೇಳ್ದಾ?”

“ಮುನಿಯಮ್ಮಂಗೆ ಗೊತ್ತು.”

“ಅವಳು ಹೇಳಾಕಿಲ್ಲ.” ಪೊರಕೆ ಮತ್ತೆ ಆಡಿತು. “ಸೋಮ್ವಾರ ಮಾತಾಡು.”

“ಸುಳ್ಳು ಕಣವ್ವ ಅದು.”

“ಸತ್ಯ ಹೇಳಿದ್ರೆ ನನ್ ಹುಳ ಎದ್ ಬತ್ತವಾ? ನಷ್ಟ ಆದ ಮನೇರಿಗೆ ಕಂಪನೀಲಿ ಕೆಲ್ಸ ಕೊಡುಸ್ತೀನಿ ಅಂದವ್ನೆ ಕೆಂಪರಾಜು. ನಮ್ ರಮ್ಯ ಎಸ್ಸೆಸ್ಸೆಲ್ಸಿ ಪಾಸಾಗೌಳೆ. ಬಾಯ್ ಬುಡಬಾರದ ದಿನದಲ್ಲೆಲ್ಲಾ ಬುಟ್ಟೆ. ಈಗ ಬುಡು.”

“ಗಿಡಾನಾದ್ರೂ ಕಡ್ದಾಕ್ತೀನಿ.”

ಆಗ ತಲೆ ಎತ್ತಿದಳು. ಆ ಕಣ್ಣು ನೋಡಲಾರದೆ ಮಚ್ಚು ನೋಡಿದೆ.

“ಒಂದ್ ಕಡ್ಡಿ ಮುಟ್ಟಬ್ಯಾಡ. ಊರೇ ಬಂದ್ ಹೇಳಿದ್ರೂ ಕಡೀದೋನು ಇವತ್ತು ಯಾಕ್ ಕಡ್ದ ಅಂತ ಕೇಳ್ತಾರೆ. ನೀರ್ ಹಾಕು. ಗೊಬ್ಬರ ಹಾಕು. ಹೂವ ಬುಡ್ಸು. ನಾನ್ ದಿನಾ ನೋಡ್ತಿರ್ತೀನಿ.”

ಬೈದಿದ್ದರೆ ಆಗುತ್ತಿತ್ತು. ಪೊರಕೆಯಲ್ಲಿ ಹೊಡೆದಿದ್ದರೆ ಆಗುತ್ತಿತ್ತು.

೩-೩-೨೦೦೮, ಸೋಮವಾರ

ಮಾತಾಡಿದೆ. ಮೈಕ್ ಕೆಟ್ಟಿತ್ತು, ಬೇಕಾಗಲಿಲ್ಲ.

ಕಂಪನಿ ತಪ್ಪಿಲ್ಲದ್ದಲ್ಲ. ಅದರ ಹಿಂದಿನ ಹಳ್ಳದಲ್ಲಿ ನೀರು ಒಂದೊಂದು ದಿನ ಒಂದೊಂದು ಬಣ್ಣ. ಅದನ್ನು ಹೇಳಬಹುದಿತ್ತು, ನಿಜವಾಗಿರುತ್ತಿತ್ತು. ಹುಳದ ಮಾತೇ ಹೇಳಿದೆ. ತಟ್ಟೆಯಲ್ಲಿ ತಲೆ ಎತ್ತಿ ಆಡಿಸುತ್ತಿದ್ದ ಹುಳ, ನಿಂತುಹೋದ ಸದ್ದು, ಬಾಗಿಲಲ್ಲಿ ಕೂತ ತಾಯಿ. “ಕೊಂದವನು ಯಾರು?” ಎಂದು ಮೂರು ಸಲ ಕೇಳಿದೆ. ಒಂದೊಂದು ಸಲವೂ ಜನ ಚಿಮಣಿಯ ಕಡೆಗೆ ಕೈ ತೋರಿಸಿದರು. ಹೆಂಗಸರು ಸೆರಗು ಬಾಯಿಗಿಟ್ಟರು. ಇಡೀ ಜನ್ಮದಲ್ಲಿ ಅಷ್ಟು ಚೆನ್ನಾಗಿ ಪಾರ್ಟು ಮಾಡಿರಲಿಲ್ಲ.

ಮ್ಯಾನೇಜರ್ ಎದ್ದು ಬಂದ. ರಮ್ಯಾಳಿಗೆ ಪ್ಯಾಕಿಂಗಿನಲ್ಲಿ ಕೆಲಸ, ಮುಂದಿನ ತಿಂಗಳಿಂದ. ಕೆಂಪರಾಜು ಹೆಗಲ ಮೇಲೆ ಕೈ ಹಾಕಿ ಕುಣಿದಾಡಿದ. ಆ ಕೈ ಕಿತ್ತು ಬಿಸಾಡಬೇಕು ಅನ್ನಿಸಿತು.

ಸಿದ್ದಮ್ಮ ಜನರ ನಡುವೆ ಇದ್ದಳು. ಚಪ್ಪಾಳೆ ತಟ್ಟಿದಳು. ಎಲ್ಲರೂ ನಿಲ್ಲಿಸಿದ ಮೇಲೂ ಒಂದೆರಡು ಸಲ.

೨೯-೩-೨೦೦೮, ಶನಿವಾರ

ಇಪ್ಪತ್ತಾರು ದಿನ ಬರೆಯಲಿಲ್ಲ. ಏನು ಬರೆಯುವುದು. ಅರಳಿದ್ದು ಎಷ್ಟು ಅಂತ ಎಣಿಸುವುದನ್ನೂ ಬಿಟ್ಟಿದ್ದೇನೆ. ಈ ದರಿದ್ರದವು ಎಂದೂ ಇಲ್ಲದ ಹಾಗೆ ಬಿಡುತ್ತಿವೆ. ದಾರಿಯಲ್ಲಿ ಹೋಗುವವರು ಸ್ಕೂಟರ್ ನಿಲ್ಲಿಸಿ ನೋಡುತ್ತಾರೆ. ಬೈದು ಕಳಿಸುತ್ತೇನೆ.

ಬಿಳಿ ಹುಳ ಮತ್ತೆ ಬಂದಿದೆ. ಸಿದ್ದಮ್ಮ ಹೊಸ ಹುಳ ತಂದಿದ್ದಾಳೆ, ಎರಡನೇ ಜ್ವರ ಎದ್ದಿವೆ. ನಾಲ್ಕು ಗಂಟೆಗೆ ಎದ್ದು ಕುಡಿ ಕುಡಿ ಒರೆಸುತ್ತೇನೆ. ಅವಳೂ ಆಗಲೇ ಏಳುತ್ತಾಳೆ.

ಇವತ್ತು ತಾಜ್ ಪಾಷಾ ಬಂದ. ರಾಮನಗರದಿಂದ ಬಸ್ಸಿನಲ್ಲಿ, ಹಳದಿ ಹೇಗಿದೆ ನೋಡಬೇಕು ಅಂತ. ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲೆ ತಿರುಗಿಸಿ ತಿರುಗಿಸಿ ನೋಡಿದ. ನನ್ನ ಮನೆಯಲ್ಲೂ ಇಷ್ಟು ಚೆನ್ನಾಗಿಲ್ಲ ಕಣಯ್ಯಾ, ಬಿಳಿ ಹುಳ ತಿಂದುಹಾಕಿದೆ ಅಂದ. ಬೇಲಿಯಾಚೆ ಸಿದ್ದಮ್ಮ ಸೊಪ್ಪು ಕೊಯ್ಯುತ್ತಿದ್ದಳು.

“ನಿಜ ಹೇಳು ವೆಂಕಟಯ್ಯ. ಏನ್ ಹೊಡೀತೀಯಾ ಇದಕ್ಕೆ?”

ಕುಡುಗೋಲಿನ ಸದ್ದು ನಿಂತಿತು.

“ಬರೀ ನೀರು” ಅಂದೆ.

ಪಾಷಾ ನಕ್ಕ. ಗುಟ್ಟು ಬಿಟ್ಟುಕೊಡಲ್ಲ ನೀನು ಅಂದ. ಆಚೆ ಕುಡುಗೋಲು ಮತ್ತೆ ಶುರುವಾಯಿತು, ಸರಸರ, ಏನೂ ಆಗಿಲ್ಲದ ಹಾಗೆ. ಅವನು ಹೋದ ಮೇಲೆ ನಾನು ಬೇಲಿಯ ಹತ್ತಿರ ಹೋಗಿ, ಅವಳಿಗೆ ಕಾಣುವ ಹಾಗೆ ಹಳೇ ಬನಿಯನ್ನು ಸೋಪಿನ ನೀರಿಗೆ ಅದ್ದಿ ಹಳದಿಯ ಕುಡಿ ಒರೆಸಿದೆ; ಅವಳು ನೋಡುತ್ತಲೇ ಸೊಪ್ಪು ಕೊಯ್ದಳು.