ನೀರು ಕಾದಿರಲಿಲ್ಲ

7 ಜುಲೈ, ಸೋಮವಾರ. ಬೆಳಗ್ಗೆ 10

ನಾಷ್ಟಾದ ತಟ್ಟೆ ಮುಗಿದವು. ನೂರಾ ಎಂಬತ್ತು. ಮಷಿನ್‌ನಿಂದ ತೆಗೆದರೆ ಮತ್ತೆ ಅದೇ ಜಿಡ್ಡು. ಭೀಮಮ್ಮ ಆಯಿ, ನಾನು ಸೇರಿ ಎಲ್ಲ ಮತ್ತೆ ಕೈಯಲ್ಲೇ ತೊಳೆದೆವು. ಈ ಡಿಶ್‌ವಾಷರ್ ಬಂದಾಗ ಹಾಸ್ಟೆಲ್‌ನಲ್ಲಿ ತೊಳೆಯುವವರು ನಾಲ್ವರಿದ್ದೆವು. ಈಗ ಇಬ್ಬರು. ಕೆಲಸ ಮಾತ್ರ ಎರಡು ಸಲ. ರಾತ್ರಿ ಊಟದ ತಟ್ಟೆಗೆ ಅಷ್ಟು ಹೊತ್ತು ಸಿಗುವುದಿಲ್ಲ, ಮಷಿನ್‌ನಿಂದ ತೆಗೆದ ಹಾಗೇ ಹೋಗುತ್ತವೆ.

ಮೆಸ್ ಮ್ಯಾನೇಜರ್ ಸುಜಯ ಸರ್‌ಗೆ ಹೇಳಿದೆ — "ಸರ್, ಮಷಿನ್‌ದಾಗ ನೀರು ಕಾಯಾಕತ್ತಿಲ್ರಿ."

"ಡಿಸ್‌ಪ್ಲೇ ಮ್ಯಾಲ ಎಂಬತ್ತೆರಡು ಡಿಗ್ರಿ ಅಂತ ಅದ. ಅಂಬಿಕಾ, ನಿನಗ ಮಷಿನ್‌ಗಿಂತ ಹೆಚ್ಚು ಗೊತ್ತದೇನು?"

ಗೊತ್ತು. ಅಷ್ಟು ಬಿಸಿ ಇದ್ದರೆ ತಟ್ಟೆ ತೆಗೆಯುವಾಗ ಕೈ ಸುಡಬೇಕು. ಇದು ಮೂರನೇ ಸಲ ಹೇಳಿದ್ದು.

9 ಜುಲೈ, ಬುಧವಾರ

ಹದಿನಾಲ್ಕು ಹುಡುಗಿಯರಿಗೆ ವಾಂತಿ ಭೇದಿ. ನರ್ಸಿಂಗ್ ಓದುವ ಮಕ್ಕಳು, ಈಗ ಅವರೇ ಆಸ್ಪತ್ರೆ ಮಂಚದ ಮೇಲೆ. ಇಬ್ಬರಿಗೆ ಸಲೈನ್ ಹಾಕಿದ್ದಾರೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ — ತಟ್ಟೆ ಹೇಗೆ ತೊಳೀತೀರಿ?

ಸುಜಯ ಸರ್ ಒಂದು ಗಂಟೆಯಲ್ಲಿ ಆಯಿ ಹೆಸರಲ್ಲಿ ಕಾಗದ ಟೈಪ್ ಮಾಡಿಸಿ ತಂದರು. ಇಂಕ್ ಪ್ಯಾಡ್ ಸಮೇತ. ಆಯಿಗೆ ಓದು ಬರುವುದಿಲ್ಲ, ಹೆಬ್ಬೆರಳು ಚಾಚಿಯೇ ಬಿಟ್ಟಳು.

"ತಡಿ ಆಯಿ, ನಾ ಓದ್ತೀನಿ."

'ನನ್ನ ನಿರ್ಲಕ್ಷ್ಯದಿಂದ ತಟ್ಟೆಗಳು ಶುಚಿಯಾಗಿರಲಿಲ್ಲ. ಸ್ವ-ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.' — ಜೋರಾಗಿ ಓದಿದೆ. ಅಡುಗೆಯವರೆಲ್ಲ ಕೇಳುವ ಹಾಗೆ. ಇಂಕ್ ಪ್ಯಾಡ್ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಒತ್ತಲಿಲ್ಲಂದ್ರೂ ನಾಳಿಂದ ಬರಬ್ಯಾಡ" ಅಂದರು ಸರ್ ಆಯಿಗೆ.

ಆಯಿ ಸೆರಗಿನಿಂದ ಕೈ ಒರೆಸಿಕೊಂಡಳು. "ಹತ್ತೊಂಬತ್ತು ವರ್ಷ ಆತ್ರೀ. ನನ್ನ ಕೈ ತೊಳೆದ ತಾಟಿನಾಗ ಒಬ್ಬರಿಗೂ ಹೊಟ್ಟಿ ಕಡದಿಲ್ಲ."

ಸಂಜೆ ಬಸ್ಸಿಗೆ ತೆಂಗಳಿ ಊರಿಗೆ ಹೋದಳು. ಅಲ್ಲಿ ತಮ್ಮನ ಮನೆ ಇದೆ.

10 ಜುಲೈ, ಗುರುವಾರ. ಮಧ್ಯಾಹ್ನ 3

ವಾರ್ಡನ್ ವಿಜಯಶ್ರೀ ಮೇಡಂ ಲ್ಯಾಬ್‌ನಿಂದ ಥರ್ಮಾಮೀಟರ್ ಕೊಡಿಸಿದರು. ಅವರೆದುರೇ ಮಷಿನ್ ಓಡಿಸಿ, ಕೊನೆಯ ನೀರನ್ನು ಬಟ್ಟಲಲ್ಲಿ ಹಿಡಿದು ಅದ್ದಿದೆ. ಮೂವತ್ನಾಲ್ಕು. ಮತ್ತೆ — ಮೂವತ್ತೈದು. ಡಿಸ್‌ಪ್ಲೇ ಮಾತ್ರ ಎಂಬತ್ತೆರಡು ಅಂತಲೇ ಕೂತಿತ್ತು. ಎಷ್ಟು ಇರಬೇಕೋ ಅದನ್ನು ತೋರಿಸುತ್ತದೆ, ಎಷ್ಟು ಇದೆಯೋ ಅದನ್ನಲ್ಲ.

"ಮೆಕ್ಯಾನಿಕ್ ಮುಂದಿನ ವಾರ ಬರ್ತಾನಂತ" ಅಂದರು ಮೇಡಂ.

"ಅಲ್ಲೀತನಕ ಹುಡುಗೇರು ಎದರಾಗ ಉಣಬೇಕ್ರಿ?"

ನಾನು ದೊಡ್ಡ ಪಾತೇಲಿಯಲ್ಲಿ ನೀರು ಕುದಿಸಿ ಪ್ರತಿ ತಟ್ಟೆ ಅದ್ದಿ ತೆಗೆದೆ. ಒಬ್ಬಳೇ. ಮೊಣಕೈವರೆಗೆ ಕೆಂಪಾಗಿದೆ.

11 ಜುಲೈ, ಶುಕ್ರವಾರ. ಸಂಜೆ 5

ವಾಡಿ ಸ್ಟೇಷನ್ ಹತ್ತಿರ ಮೋಟಾರ್ ರಿಪೇರಿ ಮಾಡುವ ಬಂದೇಅಲಿ ಚಾಚಾರನ್ನು ಕರೆತಂದೆ. ಯಾರನ್ನೂ ಕೇಳಲಿಲ್ಲ. ಸುಜಯ ಸರ್ ಕಲಬುರಗಿಗೆ ಹೋಗಿದ್ದರು... ಅದೇ ನೋಡಿ ಕರೆದದ್ದು.

ಮೇನ್ ಆಫ್ ಮಾಡಿ ಕೆಳಗಿನ ಮುಚ್ಚಳ ಬಿಚ್ಚಿದರು. ನಾನು ಟಾರ್ಚ್ ಹಿಡಿದೆ. ಹೀಟರ್ ರಾಡ್ ಕಾಣಲೇ ಇಲ್ಲ — ಬೆರಳು ದಪ್ಪ ಬಿಳಿ ಸುಣ್ಣ. ಚಾಚಾ ಸ್ಕ್ರೂಡ್ರೈವರ್‌ನಿಂದ ತಟ್ಟಿದರು. ಟಣ್ ಅಂತು.

"ಬೇಟಿ, ಇದು ಹೀಟರ್ ಅಲ್ಲ, ಫರಸಿ ಕಲ್ಲು ಆಗ್ಯಾದ."

ಮೀಟರ್ ಹಚ್ಚಿದರು. ಮೂರು ರಾಡ್‌ಗಳಲ್ಲಿ ಎರಡು ಸುಟ್ಟಿವೆ. ನಮ್ಮ ಬೋರ್‌ವೆಲ್‌ನ ಗಡಸು ನೀರು ಹಾಗೇ ಬಿಟ್ಟರೆ ಇನ್ನೇನಾಗುತ್ತದೆ? ನೀರು ಮೆದು ಮಾಡುವ ಡಬ್ಬಿ ಪಕ್ಕದಲ್ಲೇ ಇದೆ. ತಿಂಗಳಿಗೊಮ್ಮೆ ಅದಕ್ಕೆ ಉಪ್ಪು ಹಾಕಬೇಕು ಅಂತ ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಮೇತ ಹಾಕಿದ್ದಾರೆ. ಪುಸ್ತಕ ಸುಜಯ ಸರ್ ಕಪಾಟಿನಲ್ಲಿತ್ತು. ಡಬ್ಬಿ ಒಣಗಿತ್ತು. ಒಮ್ಮೆಯೂ ಉಪ್ಪು ತರಿಸಿಲ್ಲ.

ಸುಟ್ಟ ರಾಡ್ ಒಂದನ್ನು ಟಿಫಿನ್ ಚೀಲದಲ್ಲಿ ಹಾಕಿಕೊಂಡೆ.

12 ಜುಲೈ, ಶನಿವಾರ

ಹಾಸ್ಟೆಲ್ ಕಮಿಟಿ ಮೀಟಿಂಗ್. ಬಾಗಿಲು ತಟ್ಟಿ ಒಳಗೆ ಹೋದೆ.

"ನಿನ್ನ ಯಾರ್ ಕರದ್ರು?" — ಸುಜಯ ಸರ್.

ರಾಡ್ ತೆಗೆದು ಟೇಬಲ್ ಮೇಲಿಟ್ಟೆ. ಸುಣ್ಣ ಅವರ ಫೈಲ್ ಮೇಲೆಲ್ಲ ಉದುರಿತು.

"ಇದ್ರಿ ನಿಮ್ಮ ನಿರ್ಲಕ್ಷ್ಯ. ಭೀಮಮ್ಮಂದಲ್ಲ."

ಅಧ್ಯಕ್ಷರು ಮೇಡಂ ಕಡೆ ನೋಡಿದರು. ಮೇಡಂ ಎದ್ದು ನಿಂತು ಮೂವತ್ನಾಲ್ಕು, ಮೂವತ್ತೈದು ಅಂತ ಹೇಳಿದರು. ಸಣ್ಣ ದನಿ. ಆದರೂ ಹೇಳಿದರು. ಉಪ್ಪಿನ ಮಾತು ಬಂದಾಗ ಸುಜಯ ಸರ್ "ಮರತಿತ್ತು" ಅಂದರು. ಕಮಿಟಿಯವರು ಆಯಿ ಹೆಸರಿನ ಕಾಗದ ಹರಿದು ಹಾಕಿದರು. ಆಯಿ ವಾಪಸ್ ಬರಬಹುದು.

15 ಜುಲೈ, ಮಂಗಳವಾರ

ಎರಡು ದಿನ ಚಾಚಾರ ಜೊತೆ ಮಷಿನ್ ಮುಂದೆಯೇ. ನಿಂಬೆ ಉಪ್ಪಿನ ನೀರು ಹಾಕಿ ಸುಣ್ಣ ಕರಗಿಸಿದ್ದು, ಹೊಸ ರಾಡ್ ಕೂರಿಸಿದ್ದು. ಥರ್ಮಾಮೀಟರ್ ಎಂಬತ್ತೊಂದು ತೋರಿಸಿತು. ಹುಡುಗಿಯರೂ ಒಬ್ಬೊಬ್ಬರಾಗಿ ಊಟಕ್ಕೆ ಇಳಿಯುತ್ತಿದ್ದಾರೆ.

ಇವತ್ತು ತೆಂಗಳಿಗೆ ಹೋದೆ. ಓಡಿ ಬರುತ್ತಾಳೆ ಅಂದುಕೊಂಡಿದ್ದೆ. ಆಯಿ ತೊಗರಿ ಬೇಳೆ ಹಸನು ಮಾಡುತ್ತ ಕೂತಿದ್ದಳು, ಏಳಲೇ ಇಲ್ಲ.

"ಬರಬ್ಯಾಡ ಅಂದವ ಅವ. ಬಾ ಅಂತ ಅವನೇ ಅನ್ಲಿ."

ಅಲ್ಲಿಂದಲೇ ಸುಜಯ ಸರ್‌ಗೆ ಫೋನ್ ಹಚ್ಚಿ, ಆಯಿ ಅಂದದ್ದು ಹೇಳಿ, ಸ್ಪೀಕರ್ ಹಾಕಿ ಆಯಿ ಕಿವಿಗಿಟ್ಟೆ. ಆ ಕಡೆಯಿಂದ ಕೇಳಿಸಿತು — "ಕೆಲಸಕ್ಕ ಬರ್ರಿ, ಭೀಮಮ್ಮ."

ಆಯಿ ಮೊರ ಕೆಳಗಿಟ್ಟಳು.

18 ಜುಲೈ, ಶುಕ್ರವಾರ. ಮಧ್ಯಾಹ್ನ 2:30

ನನಗೆ ಮೆಮೊ ಬಂದಿದೆ. ಅನುಮತಿ ಇಲ್ಲದೆ ಯಂತ್ರ ಬಿಚ್ಚಿಸಿದ್ದೇಕೆ, ಮೂರು ದಿನದಲ್ಲಿ ಉತ್ತರ ಕೊಡಬೇಕು. ಸಹಿ ಸುಜಯ ಸರ್‌ದು. ಕೆಲಸ ಹೋಗಬಹುದು. ಹೆದರಿಕೆ ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಆಯಿ ಪಕ್ಕದಲ್ಲೇ ಕೂತಿದ್ದಾಳೆ. "ಕ್ಷಮಿಸ್ರಿ ಅಂತ ಮಾತ್ರ ಬರಿಬ್ಯಾಡ ನೋಡು" ಅನ್ನುತ್ತಾಳೆ.

ಬರೆಯುವುದಿಲ್ಲ. ಉತ್ತರ ಇಲ್ಲೇ ಬರೆದು ಆಮೇಲೆ ಚೊಕ್ಕ ಮಾಡುತ್ತೇನೆ —

ಮಷಿನ್ ಬಿಚ್ಚಿಸಿದ್ದು ನಾನೇ. ಹುಡುಗಿಯರು ಆಸ್ಪತ್ರೆಯಲ್ಲಿದ್ದರು, ಯಾರ ಅನುಮತಿಗೂ ಕಾಯಲಿಲ್ಲ. ಇನ್ನೊಮ್ಮೆ ನೀರು ತಣ್ಣಗೆ ಬಂದರೆ ಇನ್ನೊಮ್ಮೆ ಬಿಚ್ಚಿಸುತ್ತೇನೆ.