ಒಂದೂವರೆ ಇಂಚಿನ ಹಿಮ್ಮಡಿ

ಪ್ರೀತಿಯ ಭಾವನವರಿಗೆ,

ಸಮಸ್ತ ಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಎತ್ತರ ಐದು ಅಡಿ ಮೂರು ಇಂಚು. ಇದುವರೆಗೆ ಚಾಲ್ತಿಯಲ್ಲಿದ್ದ ಐದು ಅಡಿ ನಾಲ್ಕೂವರೆ ಇಂಚನ್ನು ತಕ್ಷಣದಿಂದ ಹಿಂಪಡೆಯಲಾಗಿದೆ. ಕಳೆದ ತಿಂಗಳು ನಾನು ನಿಮ್ಮ ಮಾನ ಕಳೆದ, ಪತ್ರಿಕೆಯ ನನ್ನ ಇದೇ ಅಂಕಣದಲ್ಲಿ ಇದನ್ನು ಅಚ್ಚು ಹಾಕಿಸುತ್ತಿದ್ದೇನೆ. ನಗುವವರು ಈ ಸಲ ಸರಿಯಾದ ಮನುಷ್ಯನನ್ನು ನೋಡಿ ನಗಲಿ.

ಗಾಲ್ಫ್ ಮೈದಾನದ ಹಿಂದಿನ ನಿಮ್ಮ ವರ್ಕ್‌ಶಾಪಿಗೆ ನನ್ನ ಹೊಸ ಗಾಲ್ಫ್ ಕೋಲುಗಳನ್ನು ನನ್ನ ಎತ್ತರಕ್ಕೆ ಹೊಂದಿಸಿಕೊಳ್ಳಲು ಹೊತ್ತು ತಂದ ದಿನ ನೆನಪಿದೆಯಲ್ಲ? ಆಫೀಸಿನಿಂದ ನೇರವಾಗಿ ಬಂದಿದ್ದೆ. ನೀವು ಕನ್ನಡಕ ಮೇಲೆತ್ತಿ, "ಏನೋ ಗಿಡ್ಡಪ್ಪ, ಬೆಳ್ದಿದೀಯಲ್ಲೋ" ಅಂದಿರಿ. ಅಕ್ಕನ ಮದುವೆಯ ದಿನದಿಂದ ನನ್ನನ್ನು ಗಿಡ್ಡಪ್ಪ ಮಾಡಿಟ್ಟವರ ಬಾಯಲ್ಲಿ ಈ ಮಾತು! ಉಬ್ಬಿಹೋದೆ. ಬೂಟಿನೊಳಗೆ ಒಂದೂವರೆ ಇಂಚಿನ ಗುಟ್ಟಿನ ಹಿಮ್ಮಡಿ ಇದೆಯೆಂದು ಹೇಳಬೇಕಾದ ಬಾಯಿಗೆ ಅಲ್ಲೇ ಹೊಲಿಗೆ ಬಿತ್ತು.

ನೀವು ಮಣಿಕಟ್ಟಿನಿಂದ ನೆಲದವರೆಗೆ ನಿಮ್ಮ ಅಳತೆಗೋಲು ಹಿಡಿದಿರಿ. ಕೋಲಿನ ತಲೆಯ ತಳಕ್ಕೆ ಪಟ್ಟಿ ಅಂಟಿಸಿ, ಹಲಗೆಯ ಮೇಲಿಂದ ಹತ್ತು ಚೆಂಡು ಹೊಡೆಸಿದಿರಿ. ಹಲಗೆಗೆ ಉಜ್ಜಿದ ಗೀರು ಪಟ್ಟಿಯ ನಡುವೆ ಬೀಳದೆ ಮೂತಿಯ ಕಡೆ, ಅಂದರೆ ತಲೆಯ ಹೊರತುದಿಗೆ, ಬಿದ್ದಿತ್ತು; ನಿಂತವನ ಎತ್ತರಕ್ಕೆ ಕೋಲು ತೀರಾ ಮಲಗಿದೆ ಎಂದರ್ಥ. ಕೋಲಿನ ಕತ್ತು ಬಗ್ಗಿಸುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿದಿರಿ.

"ಆಡೋದೂ ಇದೇ ಬೂಟಲ್ಲೇನೋ?"

"ಹೂಂ ಭಾವ, ಇದೇ."

ಮೂರೇ ಪದದ ಸುಳ್ಳು. ಅದನ್ನು ನಂಬಿ ನೀವು ಕೋಲುಗಳ ಕತ್ತನ್ನು ಎರಡು ಡಿಗ್ರಿ ನೆಟ್ಟಗೆ ಮಾಡಿದಿರಿ. ನಾನು ಚಪ್ಪಟೆ ತಳದ ಬೂಟು ಹಾಕಿಕೊಂಡು ಆಡಲು ಹೋದೆ. ನಾನು ಗಿಡ್ಡವಾದೆ, ಕೈ ಕೆಳಗಿಳಿಯಿತು, ಕೋಲಿನ ತಲೆ ತನ್ನ ಹಿಮ್ಮಡಿ ಊರಿ ಮೂತಿ ಮೇಲೆತ್ತಿತು. ಮೂತಿ ಎದ್ದರೆ ಮುಖ ಎಡಕ್ಕೆ ತಿರುಗುತ್ತದೆ, ಮುಖ ತಿರುಗಿದ ಕಡೆಗೆ ಚೆಂಡು. ಎಡಗಡೆ ಕೊಳವಿತ್ತು. ಒಂದೇ ವಾರದಲ್ಲಿ ಹದಿನಾಲ್ಕು ಚೆಂಡು ಸ್ನಾನಕ್ಕೆ ಇಳಿದವು.

ನಾನು ಮಾಡಿದ್ದೇನು? "ನಮ್ಮ ಭಾವ ಕಬ್ಬಿಣವನ್ನು ಬಗ್ಗಿಸುತ್ತಾರೆ, ಕಬ್ಬಿಣ ನಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತದೆ" ಎಂದು ಬರೆದೆ. ಊರು ನಕ್ಕಿತು. ನಾನೂ ಎರಡು ಸಲ ಓದಿಕೊಂಡು ನಕ್ಕೆ. ನಿಮ್ಮಲ್ಲಿ ಕೆಲಸಕ್ಕೆ ಬಿಟ್ಟಿದ್ದ ಕೋಲುಗಳನ್ನು ಜನ ಒಬ್ಬೊಬ್ಬರಾಗಿ ವಾಪಸ್ ಒಯ್ದರು. ಫೋನಿನಲ್ಲಿ ಹೇಳಿದ್ದು ಅಕ್ಕ: "ದಿನಾ ಆ ಅಳತೆಗೋಲು ಹಿಡ್ಕೊಂಡು ಕೂತಿರ್ತಿದ್ರು ಕಣೋ. ಬಗ್ಗಿಸಿದ್ಮೇಲೆ ಗೀರು ಸರಿಯಾಗಿ ನಡುವೇನೇ ಬಿದ್ದಿತ್ತು, ನನ್ ಕಣ್ಣೇ ಹೋಯ್ತೇನೋ ಅಂತಿದ್ರು. ನಿನ್ನೆ ಅದನ್ನ ಮೇಲ್ಗಡೆ ಮೊಳೆಗೆ ನೇತು ಹಾಕಿ, ಇನ್ನು ಈ ಕೆಲ್ಸ ಸಾಕು ಅಂದ್ರು."

ಕಳೆದ ಬುಧವಾರ ಬೂಟು ಬದಲಿಸಲು ಸೋಮಾರಿತನವಾಗಿ ಆಫೀಸಿನ ಬೂಟಿನಲ್ಲೇ ಹೊಡೆದೆ. ಚೆಂಡು ದಾರ ಹಿಡಿದಂತೆ ನೆಟ್ಟಗೆ ಹೋಯಿತು. ಬೂಟು ಬದಲಿಸಿದೆ, ಎಡಕ್ಕೆ ಹೋಯಿತು. ಮತ್ತೆ ಆಫೀಸಿನ ಬೂಟು ಹಾಕಿದೆ, ನೆಟ್ಟಗೆ. ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟೆ.

ಅಂದಿನ ನನ್ನ "ಹೂಂ" ಮರೆತೇಹೋಗಿತ್ತು ಎಂದು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದೆ. ನೆನಪಿತ್ತು. ಅದು ಅಷ್ಟು ದೂರ ಹೋಗಿ ನಿಮಗೆ ಬಡಿಯುತ್ತದೆಂದು ಗೊತ್ತಿರಲಿಲ್ಲ, ಅಷ್ಟೆ. ಗೊತ್ತಾದ ಮೇಲೂ ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನಕ್ಕೆ ನನ್ನಲ್ಲಿ ಯಾವ ತಮಾಷೆಯೂ ಇಲ್ಲ.

ನಿಮ್ಮ ಕಣ್ಣು ಸರಿಯಾಗಿದೆ ಭಾವ. ನಿಮ್ಮ ಅಳತೆಯೂ ಸರಿಯಾಗಿತ್ತು. ನಿಂತವನು ಸರಿಯಿರಲಿಲ್ಲ. ನಿಮ್ಮ ಕೈ ನೂರು ಕಾಲ ಹೀಗೇ ಗಟ್ಟಿಯಾಗಿರಲಿ.

ಇಂತಿ, ತಲೆ ತಗ್ಗಿಸಿ ಇನ್ನೂ ಎರಡಿಂಚು ಕಡಿಮೆಯಾಗಿರುವ
ನಿಮ್ಮ ಗಿಡ್ಡಪ್ಪ

ತಾ.ಕ.: ಭಾನುವಾರ ಕೋಲುಗಳನ್ನು ತರುತ್ತೇನೆ, ಆಡುವ ಬೂಟಿನಲ್ಲೇ ಬರುತ್ತೇನೆ. ಒಂದು ಸಣ್ಣ ಉಪಕಾರ ಮಾಡಿ. ಆ ಅಳತೆಗೋಲನ್ನು ಮೊಳೆಯಿಂದ ನೀವೇ ಇಳಿಸಿಡಿ. ನಿನ್ನೆ ನೀವಿಲ್ಲದಾಗ ಬಂದು ಕೈ ಚಾಚಿ ನೋಡಿದೆ, ನನಗೆ ಎಟುಕಲಿಲ್ಲ.