ಸೀರೆಯ ತುಂಡಿಗೆ ಬಾಗಿಲು ಮುಚ್ಚಿದವರಿಗೆ

ದಾವಣಗೆರೆ, 2119ನೇ ಇಸವಿ, ನಡುಬೇಸಿಗೆ ತಿಂಗಳ ಮೂವತ್ತೆರಡನೇ ದಿನ

ಅಂದಿನ ಜಿಲ್ಲಾ ಶಿಶುಪಾಲನಾ ಸಮಿತಿಯವರೇ,

2031ರ ಜುಲೈನಲ್ಲಿ ನಿಮ್ಮಲ್ಲಿ ಯಾರೋ ಒಂದು ಸಾಲನ್ನು ಹೊಡೆದುಹಾಕಿದರು. ನಡುಬೇಸಿಗೆ ಎಂಬುದು ಮೇ, ಜೂನ್ ನಡುವೆ ನಾವು ಸೇರಿಸಿಕೊಂಡ ತಿಂಗಳು. ಇಂಥ ಅಪರಿಚಿತ ಪದಗಳು ಇನ್ನೂ ಬಂದಾವು, ಕ್ಷಮಿಸಿ. ವಿಷಯ ಮಾತ್ರ ನಿಮಗೆ ಗೊತ್ತಿರುವುದೇ.

ದಿಲ್ಲಿಯಿಂದ ಬಂದ ಮಾರ್ಗಸೂಚಿಯ ಪ್ರತಿ ನನ್ನ ಮುಂದಿದೆ. "ಮಗು ನಿದ್ದೆ ಹೋಗಲು ಮನೆಯಿಂದ ತಂದ ಬಟ್ಟೆಯನ್ನು ಜೊತೆಗಿಟ್ಟುಕೊಳ್ಳಬಹುದು, ಇದನ್ನು ಕಾರ್ಯಕರ್ತೆಯೇ ತೀರ್ಮಾನಿಸಲಿ" ಎಂದು ಅದರಲ್ಲಿದೆ. ನೀವು ಅಂಗನವಾಡಿಗಳಿಗೆ ಕಳಿಸಿದ ಕನ್ನಡ ಪ್ರತಿಯಲ್ಲಿ ಆ ಸಾಲಿನ ಜಾಗದಲ್ಲಿ "ಹೊರಗಿನ ಬಟ್ಟೆ ನಿಷೇಧ" ಎಂದಿದೆ. ಅದೇ ತಿಂಗಳು ಪ್ರತಿ ಕೇಂದ್ರಕ್ಕೂ ನೀವು ದುಡ್ಡು ಕೊಟ್ಟು ಕೊಂಡ ನೀಲಿ ಹೊದಿಕೆಗಳ ಗಂಟು ಬಂದಿಳಿಯಿತು. ಕಾಕತಾಳೀಯ ಎನ್ನುತ್ತೀರಿ. ನಾನು ನಂಬುವುದಿಲ್ಲ.

ಎಂಬತ್ತೆಂಟು ವರ್ಷಗಳಲ್ಲಿ ಬಹಳಷ್ಟು ಬದಲಾಗಿದೆ. ಅಂಗನವಾಡಿಯನ್ನು ಮಡಿಲುಮನೆ ಎನ್ನುತ್ತೇವೆ. ಮಂಡಕ್ಕಿ ಭಟ್ಟಿಗಳು ಕೂಡಿಟ್ಟ ಬಿಸಿಲಿನ ಕಾವಿನಲ್ಲಿ ನಡೆಯುತ್ತವೆ. ಹೆಂಗಸರು ಮಾತ್ರ ಈಗಲೂ ಬೆಳಗಿನ ಐದಕ್ಕೇ ಕೆಲಸಕ್ಕೆ ಹೋಗುತ್ತಾರೆ. ನಿಮ್ಮ ಪ್ರತಿಯನ್ನು ಎಲ್ಲರೂ ಕಣ್ಣು ಮುಚ್ಚಿ ನಕಲು ಮಾಡುತ್ತ ಬಂದರು. ಈಗ ಅದನ್ನು ಕಾಯುವುದು ಬಾಗಿಲಗಣ್ಣು, ಅಂದರೆ ಒಳಬರುವುದನ್ನೆಲ್ಲ ನೋಡಿ ಕೂಗುವ ಯಂತ್ರ.

ನನ್ನ ಮೊಮ್ಮಗಳು ಚಿಗುರಿಗೆ ಎರಡು ವರ್ಷ. ಅವಳ ತಾಯಿ, ನನ್ನ ಮಗಳು ಗೌರಾ, ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಾಳೆ. ಅವಳ ಹಳೆ ಸೀರೆಯ ತುಂಡಿನಲ್ಲಿ ಹುರಿದ ಅಕ್ಕಿಯ ವಾಸನೆ ಇರುತ್ತದೆ. ಅದನ್ನು ಮೂಗಿಗೆ ಹಿಡಿದರೇ ಕೂಸಿಗೆ ನಿದ್ದೆ. ಮಡಿಲುಮನೆಯಲ್ಲಿ ಇಪ್ಪತ್ತೊಂಬತ್ತು ಮಧ್ಯಾಹ್ನ ಅವಳು ಕಣ್ಣು ಬಿಟ್ಟುಕೊಂಡೇ ಮಲಗಿದ್ದಾಳೆ. ಮೂವತ್ತಾದರೆ 'ಹೊಂದಿಕೊಳ್ಳದ ಮಗು' ಎಂದು ಬರೆದು ಊರಾಚೆಯ ತಿದ್ದುಮನೆಗೆ ಕಳಿಸುತ್ತಾರೆ. ಅಲ್ಲಿ ತಾಯಿಯ ಮುಖ ವಾರಕ್ಕೊಮ್ಮೆ. ಮೂವತ್ತನೆಯದು ಈ ಸೋಮವಾರ.

ಕಾರ್ಯಕರ್ತೆ ಕೊಟ್ರಮ್ಮ ಕೆಟ್ಟವಳಲ್ಲ. "ಅಜ್ಜಾರೆ, ಕೂಸಿನ ಸಂಕಟ ನನಗೂ ತಿಳಿತತಿ. ಆ ಸೀರಿ ತುಂಡು ಕಂಡ್ರೆ ಬಾಗಿಲಗಣ್ಣು ಓಣಿಗೆಲ್ಲ ಕೇಳಂಗೆ ಬಡ್ಕಂತತಿ. ನಿಯಮ ಬರ್ದೋರು ಬಂದು ಒಂದಿನ ಮಲಗಿಸ್ಲಿ, ನೋಡಣ" ಎಂದಳು. ಗೌರಾ ನನ್ನನ್ನೇ ಹಂಗಿಸಿದಳು: "ನೀನು ಹಳೇ ಕಾಗ್ದ ಮೂಸಿದ್ರೆ ಕೂಸು ಮಲಗ್ತತೇನಪ್ಪಾ?"

ನಿಯಮ ತೆಗೆಯಿರಿ ಎಂದು ಈಗಿನ ಮೇಲಧಿಕಾರಿಗಳನ್ನು ಕೇಳಿದೆ. ಯಾಕೆ ಮಾಡಿದರೆಂದು ತಿಳಿಯದ ನಿಯಮವನ್ನು ತೆಗೆಯಲಾಗದು, ಮೊದಲು ಕಾರಣ ಹುಡುಕಿ ತನ್ನಿ ಎಂದರು. ನಿಮ್ಮ ಕಡತದಲ್ಲಿ ಕಾರಣದ ಜಾಗ ಖಾಲಿ. ಸಹಿಯೂ ಇಲ್ಲ. ನಿಜವಾಗಿ ರೋಗದ ಭಯವಿದ್ದಿದ್ದರೆ ಬರೆಯದೆ ಬಿಡುತ್ತಿದ್ದಿರಾ?

ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ: ಆ ಸಾಲನ್ನು ಹೊಡೆದವರು ಯಾರು, ಯಾಕೆ? ಉತ್ತರವನ್ನು ಕಡತದಲ್ಲಿ ಇಡಬೇಡಿ. ಭಟ್ಟಿ ಓಣಿಯ ಅಂಗನವಾಡಿಯ ಮುಂಗೋಡೆಯ ಕಲ್ಲಿನ ಮೇಲೆ, ತಾಯಂದಿರೆಲ್ಲ ನೋಡುತ್ತಿರುವಾಗ, ಹೆಸರು ಹಾಕಿ ಕೆತ್ತಿಸಿ. ಅದೇ ಈಗ ನಮ್ಮ ಮಡಿಲುಮನೆ, ಆ ಗೋಡೆ ಇನ್ನೂ ನಿಂತಿದೆ. ಸೋಮವಾರ ಬೆಳಿಗ್ಗೆ ಮೊಮ್ಮಗಳನ್ನು ಎತ್ತಿಕೊಂಡು ಓದಲು ಬರುತ್ತೇನೆ.

ಬಕ್ಕೇಶಪ್ಪ